ಬೀಜಗಳನ್ನು ಮಲಗಿಸುತ್ತಿದ್ದ ಸರ್

ನಮ್ಮ ಸರ್ ಬರುವ ಸುದ್ದಿ ಕಣ್ಣಿಗಿಂತ ಮೊದಲು ಮೂಗಿಗೆ ತಲುಪುತ್ತಿತ್ತು. ಕಾಲೇಜಿನ ಉದ್ದ ವೆರಾಂಡದ ಆ ತುದಿಯಲ್ಲಿ ಅವರಿನ್ನೂ ಕೊಡೆ ಮಡಚುತ್ತಿರುವಾಗಲೇ ಈ ತುದಿಯ ಕ್ಲಾಸಿನಲ್ಲಿ ಹುಡುಗರು ಪುಸ್ತಕ ತೆರೆದು ಸಭ್ಯರಾಗಿ ಕೂರುತ್ತಿದ್ದರು. ಒಂದು ದಿನ ಓಮದ ವಾಸನೆ, ಒಂದು ದಿನ ಲವಂಗ, ಇನ್ನೊಂದು ದಿನ ತುಳಸಿ ಅಥವಾ ನೀಲಗಿರಿ. ಕೆಲವು ದಿನ ಎಲ್ಲವೂ ಸೇರಿ, ಬಾಣಂತಿ ಇರುವ ಮನೆಯೊಂದು ಎದ್ದು ನಡೆದುಕೊಂಡು ಬಂದ ಹಾಗೆ ಇರುತ್ತಿತ್ತು. ಜೆಪ್ಪುವಿನಿಂದ ಬರುವ ಸಿಟಿ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಸದಾ ಖಾಲಿ. ಯಾರಾದರೂ ಕೂತಿದ್ದರೆ ಅವರಿಗೆ ನೆಗಡಿ ಎಂದೇ ಲೆಕ್ಕ. ಮಳೆಗಾಲದಲ್ಲಿ ಮೂಗು ಕಟ್ಟಿದವರು ಹುಡುಕಿಕೊಂಡು ಬಂದು ಅವರ ಬದಿಗೆ ಕೂತು, ಇಳಿಯುವ ಹೊತ್ತಿಗೆ ಸಲೀಸಾಗಿ ಉಸಿರಾಡುತ್ತಾ ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು.

ಹೆಸರು ಹೇಳುವುದಿಲ್ಲ. ಹೇಳಿ ಪ್ರಯೋಜನವೂ ಇಲ್ಲ. ಜೆಪ್ಪುವಿನಲ್ಲಿ ನಿಂತು ಆ ಹೆಸರು ಕೂಗಿದರೆ ಇಡೀ ಬೀದಿಯೇ ಕಿಟಕಿಯಿಂದ ಇಣುಕುತ್ತದೆ, ಅಷ್ಟು ಜನರಿಗೆ ಆ ಹೆಸರಿದೆ. ಹುಡುಗರಿಗೆ ಅವರು ‘ಓಮ ಸರ್’. ಅವರ ಅಕ್ಕನಿಗೆ, ಐವತ್ತು ದಾಟಿದ ಮೇಲೂ, ‘ಬಾಬಾ’. ಕೊಂಕಣಿಯಲ್ಲಿ ತೊಟ್ಟಿಲ ಮಗುವನ್ನು ಕರೆಯುವ ಶಬ್ದ ಅದು. ನನಗೆ ಅವರು ಬರೇ ಸರ್.

ಐವತ್ತರ ದಶಕದ ನಡುವಿನಲ್ಲಿ ನಾನು ಆ ಕಾಲೇಜಿಗೆ ಸಸ್ಯಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದೆ. ಅತ್ತಾವರದಲ್ಲಿ ಬಾಡಿಗೆಯ ಕೋಣೆ, ಹೊಸ ಷರಟು, ಗದ್ದೆ ಇರುವ ಬಂಟರ ಮನೆಯ ಮಗ. ಬೀಜ, ಮೊಳಕೆ ಎಂದರೆ ನನಗೆ ಹುಟ್ಟಿನಿಂದಲೇ ಗೊತ್ತು ಎಂಬ ಜಂಬ ಬೇರೆ. ಮೊದಲ ದಿನವೇ ಸರ್ ನನ್ನನ್ನು ಲೈಬ್ರರಿಯ ಪಕ್ಕದ ಒಂದು ಚಿಕ್ಕ ಕೋಣೆಗೆ ಕರೆದುಕೊಂಡು ಹೋದರು. ಹಿಂದೆ ಮುರಿದ ಬೆಂಚು ಪೇರಿಸುತ್ತಿದ್ದ ಕೋಣೆ ಅದು. ಒಳಗೆ ಸಾಲುಸಾಲು ತಟ್ಟೆ, ತಟ್ಟೆಯಲ್ಲಿ ಒದ್ದೆ ಬ್ಲಾಟಿಂಗ್ ಪೇಪರು, ಅದರ ಮೇಲೆ ಬೀಜ, ಬೀಜದ ಮೇಲೆ ಗಾಜಿನ ಜಾಡಿ ಬೋರಲು. ಜಾಡಿಯ ಒಳಗೆ ಎಣ್ಣೆಯ ಹನಿ ಬಿದ್ದ ಹತ್ತಿಯ ಉಂಡೆ. ಎಣ್ಣೆ ಬೀಜಕ್ಕೆ ತಾಗುವುದಿಲ್ಲ, ಅದರ ಆವಿ ಮಾತ್ರ ಸುತ್ತುತ್ತಿರುತ್ತದೆ. ಒಂದು ಜಾಡಿಯ ಹೆಸರುಕಾಳು ನೀರು ಕುಡಿದು ಉಬ್ಬಿತ್ತು, ಮೊಳಕೆ ಮಾತ್ರ ಇರಲಿಲ್ಲ.

“ಇದು ಸತ್ತದ್ದಾ, ಮಲಗಿದ್ದಾ? ಹೇಳಿ ನೋಡುವ,” ಅಂದರು.

ನಾನು ಬಗ್ಗಿ ನೋಡಿ, ಗಂಭೀರವಾಗಿ ತಲೆ ಆಡಿಸಿ, “ಸತ್ತಿದೆ ಸರ್,” ಅಂದೆ.

“ನೀವು ಡಾಕ್ಟರ್ ಆಗದ್ದು ಒಳ್ಳೆದಾಯ್ತು ಮಾರಾಯ್ರೆ. ಎಷ್ಟು ಜನರನ್ನು ಜೀವ ಇರುವಾಗಲೇ ಹೂಳ್ತಿದ್ರೋ ಏನೋ.”

ಆ ಕಾಳುಗಳನ್ನು ಅವರು ತಣ್ಣೀರಿನಲ್ಲಿ ತೊಳೆದು ಹೊಸ ಪೇಪರಿನ ಮೇಲೆ, ಜಾಡಿ ಮುಚ್ಚದೆ ಇಟ್ಟರು. ಎರಡು ದಿನ ಬಿಟ್ಟು ಬಾಗಿಲು ತೆರೆದರೆ ಹೆಚ್ಚಿನ ಕಾಳುಗಳಿಂದ ಬಿಳೀ ಬೇರು ಇಣುಕುತ್ತಿತ್ತು. ಸರ್ ಎರಡೂ ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿ, ಮೇಜಿನ ಸುತ್ತ ಒಂದು ಸುತ್ತು, ಅವರ ಮದುವೆಮನೆಗಳಲ್ಲಿ ಕುಣಿಯುವ ಬೈಲಾ ಕುಣಿದರು. ಕೈ ಜೇಬಿನಲ್ಲಿ ಯಾಕೆಂದರೆ ಹಿಂದೆ ಒಮ್ಮೆ ಕೈ ಬೀಸಿ ಕುಣಿದು ನಾಲ್ಕು ಜಾಡಿ ಒಡೆದಿದ್ದರಂತೆ. ನಾನು ಬಾಗಿಲಲ್ಲೇ ನಿಂತಿದ್ದೆ. ನಗಬೇಕೋ, ಗುಡ್ ಮಾರ್ನಿಂಗ್ ಹೇಳಬೇಕೋ ತಿಳಿಯಲಿಲ್ಲ.

ಅವರ ಇಡೀ ಶಾಸ್ತ್ರ ಎರಡು ಮಾತಿನದ್ದು. “ಗಿಡಕ್ಕೆ ಕಾಲಿಲ್ಲ ಮಾರಾಯ್ರೆ. ಪಕ್ಕದಲ್ಲಿ ಬೇಡದವ ಬಂದು ಕೂತ್ರೆ ಎದ್ದು ಹೋಗ್ಲಿಕ್ಕೆ ಆಗುದಿಲ್ಲ, ನೂಕ್ಲಿಕ್ಕೆ ಕೈಯೂ ಇಲ್ಲ. ಎಂತ ಮಾಡ್ತದೆ ಪಾಪ? ವಾಸನೆ ಬಿಡ್ತದೆ. ಬಸ್ಸಿನಲ್ಲಿ ನನ್ನ ಹಾಗೆ.” ನೀಲಗಿರಿ ಮರದ ಬುಡದಲ್ಲಿ ಬೇರೆ ಗಿಡ ಯಾಕೆ ಏಳುವುದಿಲ್ಲ ಎಂಬಲ್ಲಿಂದ ಶುರುವಾದ ಅವರ ಯೋಚನೆ, ಬೆಳೆಯ ಬೀಜವನ್ನು ಎಣ್ಣೆಯ ಆವಿಯಿಂದ ಬೇಕಾದಷ್ಟು ದಿನ ಮಲಗಿಸಿ ಬೇಕಾದ ದಿನ ಎಬ್ಬಿಸಬಹುದೇ ಎಂಬಲ್ಲಿಗೆ ಬಂದು ನಿಂತಿತ್ತು. ಅಲ್ಲಿಂದ ಮುಂದೆ ಅವರು ಹೋಗಲೂ ಇಲ್ಲ, ಹೋಗಬೇಕೆಂದು ಅವರಿಗೆ ಅನಿಸಲೂ ಇಲ್ಲ.

ಬೀಜಗಳ ಬಗ್ಗೆ ಅವರು ಮಾತಾಡುತ್ತಿದ್ದುದು ಕ್ಲಾಸಿನ ಹುಡುಗರ ಬಗ್ಗೆ ಮಾತಾಡಿದ ಹಾಗೆ. ಹೆಸರುಕಾಳು ಮುಂಗೋಪಿ, ಸ್ವಲ್ಪ ಓಮದ ವಾಸನೆ ಬಂದರೆ ಸಾಕು, ಮುಖ ತಿರುಗಿಸುತ್ತದೆ. ಭತ್ತ ಪೋಕರಿ, ಲವಂಗದೆಣ್ಣೆಯ ಜಾಡಿಯ ಒಳಗೂ ಕುಂಟುತ್ತಾ ಎದ್ದು ಬರುತ್ತದೆ. “ನಿಮ್ಮ ಗದ್ದೆಯ ಭತ್ತ ಅಲ್ವಾ, ಹೇಳಿದ್ದು ಕೇಳುದಿಲ್ಲ,” ಎಂದು ನನ್ನ ಕಡೆ ನೋಡುತ್ತಿದ್ದರು. ರಾಗಿ ಮಾತ್ರ ಅವರ ಮುದ್ದಿನ ಶಿಷ್ಯ. ಮಲಗು ಅಂದರೆ ಮಲಗುತ್ತದೆ, ಏಳು ಅಂದರೆ ಏಳುತ್ತದೆ. ಎಣ್ಣೆ ಹೆಚ್ಚಾದರೆ ಯಾವುದೂ ಉಳಿಯುವುದಿಲ್ಲ, ಹದವಾಗಿದ್ದರೆ ನಿದ್ದೆ. ಇನ್ನೂ ಕಮ್ಮಿಯಾದರೆ ಸಸಿ ಗಿಡ್ಡವಾಗಿ, ಗಟ್ಟಿಯಾಗಿ ಬರುತ್ತದೆ. “ಬೇರು ಮೊದಲು ಹೆದರುದು. ಎಲೆಗೆ ಸುದ್ದಿ ಮುಟ್ಟುವಾಗ ತಡ ಆಗ್ತದೆ,” ಎನ್ನುತ್ತಾ ಒಂದೊಂದು ಸಸಿಯ ಬೇರನ್ನೂ ನೂಲಿನಿಂದ ಅಳೆಯುತ್ತಿದ್ದರು. ಅಳೆದಾದ ಮೇಲೆ ಸಸಿಗೆ ‘ಸಾರಿ’ ಹೇಳುತ್ತಿದ್ದರು.

ಒಮ್ಮೆ ತುಳಸಿಯ ತೀರಾ ತೆಳು ಆವಿಯಲ್ಲಿ ಇಟ್ಟ ಕಾಳುಗಳು ಬರೇ ನೀರಿನವುಗಳಿಗಿಂತ ಚೆನ್ನಾಗಿ ಎದ್ದುಬಿಟ್ಟವು. ಇನ್ನೊಬ್ಬರಾದರೆ ಊರಿಗೆಲ್ಲ ಡಂಗುರ ಸಾರುತ್ತಿದ್ದರು. ಸರ್‌ಗೆ ಸಂಶಯ. ಮತ್ತೊಮ್ಮೆ ಮಾಡಬೇಕು, ಮಗದೊಮ್ಮೆ ಮಾಡಬೇಕು. ಅದಕ್ಕೆಲ್ಲ ತುಳಸಿ ಬೇಕು. ಕ್ರಿಶ್ಚನ್ ಪ್ರೊಫೆಸರ್ ಹಿಂದೂ ಮನೆಗಳ ತುಳಸಿಕಟ್ಟೆಗೆ ಕತ್ತರಿ ಹಿಡಿದು ಹೋದರೆ ಚಂದ ಕಾಣುವುದಿಲ್ಲ ಎಂದು ಆ ಕೆಲಸ ನನ್ನ ತಲೆಗೆ ಬಂತು. ಆ ವರ್ಷ ಅತ್ತಾವರದ ನನ್ನ ಬೀದಿಯ ತುಳಸಿಗಳೆಲ್ಲ ಬೋಳು ಬೋಳು. ಕಷಾಯಕ್ಕೆ ಎಂದು ಬೇಡಿ ಬೇಡಿ, ಇಷ್ಟು ಕೆಮ್ಮುವ ಹುಡುಗನಿಗೆ ಹೆಣ್ಣು ಕೊಡಬಾರದು ಎಂದು ಮಾತಾಯಿತಂತೆ. ಇಷ್ಟೆಲ್ಲ ಆಗಿ ಫಲ ಏನು ಎಂದರೆ, ಒಮ್ಮೆ ಹೌದು, ಒಮ್ಮೆ ಅಲ್ಲ. “ತುಳಸಿಗೆ ಮೂಡ್ ಉಂಟು,” ಎಂದು ಸರ್ ಕೈಬಿಟ್ಟರು. ನನ್ನ ಮದುವೆ ಎರಡು ವರ್ಷ ಮುಂದಕ್ಕೆ ಹೋಯಿತು.

ಎಣ್ಣೆ ಬರುತ್ತಿದ್ದುದು ಅವರ ಜೆಪ್ಪುವಿನ ಮನೆಯ ಹಿತ್ತಿಲಿನಿಂದ. ಅಕ್ಕನ ಬಚ್ಚಲಿನ ತಾಮ್ರದ ಹಂಡೆಯನ್ನು ಇಸಕೊಂಡು, ಮುಚ್ಚಳಕ್ಕೆ ಹಂಚಿನ ಕಾರ್ಖಾನೆಯ ಜೇಡಿಮಣ್ಣು ಮೆತ್ತಿ, ಒಂದು ಕೊಳವೆ ಸಿಕ್ಕಿಸಿ, ಕೊಳವೆಯನ್ನು ತಣ್ಣೀರಿನಲ್ಲಿ ಹಾಯಿಸಿ ತುದಿಗೆ ಬಾಟ್ಲಿ ಹಿಡಿಯುತ್ತಿದ್ದರು. ಹಂಡೆಯ ಒಳಗೆ ಹೆಚ್ಚಾಗಿ ಮಜ್ಜಿಗೆ ಹುಲ್ಲು, ಹಿಚುಕಿದರೆ ನಿಂಬೆಯ ವಾಸನೆ ಬರುವಂಥದ್ದು. ಕುಲಶೇಖರದ ಗುಡ್ಡೆಯಲ್ಲಿ ಅದನ್ನು ಕಡಿದು ಹೊರೆ ಕಟ್ಟಿ ನಾವಿಬ್ಬರೂ ಬಸ್ಸಿನ ಟಾಪಿಗೆ ಹಾಕಿ ತರುತ್ತಿದ್ದೆವು. ಆಗ ನಮ್ಮ ಜಿಲ್ಲೆಯಲ್ಲಿ ಪಾನನಿರೋಧ. ಸಾರಾಯಿ ಇಳಿಸಿದರೆ ಜೈಲು. ಅಂಥ ಕಾಲದಲ್ಲಿ ಹಿತ್ತಿಲಲ್ಲಿ ಹಂಡೆ, ಕೊಳವೆ, ಹೊಗೆ, ಬಾಟ್ಲಿ, ಬಾಟ್ಲಿಯ ಪಕ್ಕ ಸ್ಟೂಲು ಹಾಕಿ ಕೂತು ಹಾಡುವ ಒಬ್ಬ ಮನುಷ್ಯ. ನೋಡಿದವರು ಏನೆಂದುಕೊಳ್ಳಬೇಕು?

ಒಂದು ಸಂಜೆ ಪೊಲೀಸರು ಬಂದೇಬಿಟ್ಟರು. ಒಬ್ಬ ದಫೇದಾರ, ಅವನ ಹಿಂದೆ ಇಬ್ಬರು. ವಿಜ್ಞಾನದಲ್ಲಿ ಆಸಕ್ತಿ ಇರುವ ಜನ ಮನೆ ಹುಡುಕಿಕೊಂಡು ಬಂದರಲ್ಲ ಎಂದು ಸರ್‌ಗೆ ಮಹಾ ಸಂತೋಷ. “ಬನ್ನಿ ಬನ್ನಿ, ಸರಿಯಾದ ಹೊತ್ತಿಗೆ ಬಂದ್ರಿ. ಈಗಷ್ಟೇ ಇಳೀತಾ ಉಂಟು,” ಅಂದರು. ದಫೇದಾರನಿಗೆ ಇನ್ನೇನು ಬೇಕು. ಬಾಟ್ಲಿ ಕಸಿದು, ಮೂಗಿಗೆ ಹಿಡಿದು, ಎದೆ ತುಂಬ ಎಳೆದ. ಅದು ಓಮದೆಣ್ಣೆ. ಆಮೇಲೆ ಅವನು ಸೀನಿದ್ದನ್ನು ಎದುರು ಮನೆಯವರು ಬಹಳ ಕಾಲ ನೆನೆಸಿಕೊಂಡು ನಗುತ್ತಿದ್ದರು. ಕಣ್ಣು ಒರೆಸಿಕೊಳ್ಳುತ್ತಿದ್ದ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಸರ್ ಬೇರು, ಮೊಳಕೆ, ಆವಿ ಎಲ್ಲ ವಿವರಿಸಿದರು. ಹೋಗುವಾಗ ಮೂವರ ಕೈಯಲ್ಲೂ ಒಂದೊಂದು ಕುಪ್ಪಿ ಇತ್ತು, ಅಮ್ಮಂದಿರ ಮಂಡಿನೋವಿಗೆ.

ಅವರ ಅಕ್ಕನ ಬಗ್ಗೆ ಹೇಳಲೇಬೇಕು. ಕೊಂಕಣಿಯಲ್ಲಿ ಅಕ್ಕನನ್ನು ಕರೆಯುವ ಹಾಗೆ ನಾವೆಲ್ಲ ಅವರನ್ನು ‘ಬಾಯಿ’ ಎಂದು ಕರೆಯುತ್ತಿದ್ದೆವು, ನನ್ನನ್ನು ಅವರು ‘ಪುತಾ’, ಅಂದರೆ ಮಗನೇ, ಎನ್ನುತ್ತಿದ್ದರು. ತಾಯಿ ಬೇಗ ತೀರಿಹೋದ ಮನೆಯಲ್ಲಿ ತಮ್ಮನನ್ನು ಎತ್ತಿ ಆಡಿಸಿದವರು. ಇಬ್ಬರೂ ಮದುವೆಯಾಗಲಿಲ್ಲ. ಬಾಯಿಗೆ ದೇವರ ಮೇಲೆ ಎಷ್ಟು ನಂಬಿಕೆಯೋ ತಮ್ಮನ ಎಣ್ಣೆಯ ಮೇಲೆ ಅದಕ್ಕಿಂತ ತುಸು ಹೆಚ್ಚು. ಮಜ್ಜಿಗೆ ಹುಲ್ಲಿನ ಎಣ್ಣೆಯನ್ನು ನೆಲ ಒರೆಸಲು, ತಿಗಣೆಗೆ, ಸೊಳ್ಳೆಗೆ, ಇರುವೆಗೆ, ತಲೆನೋವಿಗೆ, ಹೀಗೆ ಒಂದು ಬಿಡದೆ ಬಳಸುತ್ತಿದ್ದರು. ಆ ಮನೆಯಿಂದ ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ, ತಟ್ಟೆ ಬಂದರೆ ನಮ್ಮಲ್ಲಿ ಕರ್ಜಿಕಾಯಿಯನ್ನು ಸ್ವಲ್ಪ ಹೊತ್ತು ಗಾಳಿಗೆ ಇಟ್ಟು ತಿನ್ನುತ್ತಿದ್ದೆವು. ಇಷ್ಟೆಲ್ಲ ಆಗಿ ಆ ಅಕ್ಕ ತಮ್ಮ ಇಬ್ಬರಿಗೂ ಮಜ್ಜಿಗೆ ಹುಲ್ಲಿನ ವಾಸನೆ ಒಂದು ಮಾತ್ರ ಬರುತ್ತಲೇ ಇರಲಿಲ್ಲ. ಮೂಗಿಗೆ ಅದು ಅಷ್ಟು ರೂಢಿಯಾಗಿಹೋಗಿತ್ತು. ಮುಂದೆ ಆದ ಎಡವಟ್ಟಿಗೆಲ್ಲ ಇದೇ ಮೂಲ.

ಪ್ರಿನ್ಸಿಪಾಲರು ಒಬ್ಬ ಪಾದ್ರಿ. ತೆಳ್ಳಗೆ, ಎತ್ತರಕ್ಕೆ, ಮಾತು ಕಮ್ಮಿ. ನಾವು ಫಾದರ್ ಎನ್ನುತ್ತಿದ್ದೆವು. ಒಂದು ನವೆಂಬರದಲ್ಲಿ ಅವರು ಸರ್‌ನ ಕೋಣೆಗೆ ಬಂದು, ಮೂಗಿಗೆ ಕರವಸ್ತ್ರ ಹಿಡಿದು ನಿಂತರು. ಲೈಬ್ರರಿಯ ಪುಸ್ತಕಗಳೆಲ್ಲ ಲವಂಗ ನಾರುತ್ತಿವೆ ಎಂದು ದೂರು. ಟೈಪ್‌ರೈಟಿಂಗ್ ಕ್ಲಾಸಿಗೆ ಬೇರೆ ಜಾಗ ಬೇಕು.

“ಈ ಕೋಣೆಯಿಂದ ಇದುವರೆಗೆ ಎಂತ ಉಪಕಾರ ಆಗಿದೆ, ಪ್ರೊಫೆಸರ್?”

“ರಾಗಿ ಮಲಗ್ತದೆ, ಫಾದರ್.”

“ಮಲಗ್ಲಿಕ್ಕೆ ಹಾಸ್ಟೆಲಿನ ಹುಡುಗರಿದ್ದಾರೆ. ನನಗೆ ಎಂತಾದ್ರೂ ಒಂದು ಉಪಯೋಗ ತೋರಿಸಿ, ಕೋಣೆ ಇಟ್ಟುಕೊಳ್ಳಿ. ಇಲ್ಲದಿದ್ರೆ ಹೊಸ ವರ್ಷಕ್ಕೆ ಟೈಪ್‌ರೈಟರ್ ಬರ್ತವೆ.”

ಆ ಕೋಣೆ ಹೋದರೆ ಸರ್‌ಗೆ ಇನ್ನೊಂದಿಲ್ಲ. ಮನೆಯಲ್ಲಿ ಇಲಿಕಾಟ, ಒಂದು ರಾತ್ರಿಗೂ ಬೀಜ ಉಳಿಯುವುದಿಲ್ಲ. ಅವರ ಮುಖ ಸಣ್ಣದಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಆದರೆ ಅದು ಒಂದು ಗಳಿಗೆ ಮಾತ್ರ. ಮರುಗಳಿಗೆ ಅವರು ಕೇಳಿದರು, “ಫಾದರ್, ನಿಮ್ಮ ಚಾಪೆಲಿನ ಗೋದಲಿಯ ಹುಲ್ಲು ಹೋದ ವರ್ಷ ಹೇಗಿತ್ತು?”

ಫಾದರ್‌ಗೆ ಎಲ್ಲಿ ನೋವಿದೆಯೋ ಅಲ್ಲಿಗೇ ಕೈ ಹಾಕಿದ್ದರು ಸರ್. ಕ್ರಿಸ್ಮಸ್ಸಿಗೆ ಬಾಲಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಮಾದರಿ, ಅದೇ ಗೋದಲಿ, ಕಟ್ಟುವಾಗ ನಮ್ಮ ಕಡೆ ಸುತ್ತ ರಾಗಿ ಬಿತ್ತಿ ಹಸಿರು ಗದ್ದೆ ಮಾಡುತ್ತಾರೆ. ಮನೆಯಲ್ಲಾದರೆ ದಿನ ನೋಡಿ ಬಿತ್ತಬಹುದು. ಕಾಲೇಜಿನ ಚಾಪೆಲಿನಲ್ಲಿ ಬಿತ್ತುವವರು ಹಾಸ್ಟೆಲಿನ ಹುಡುಗರು, ಅವರು ರಜೆಗೆ ಊರಿಗೆ ಹೋಗುವ ಮೊದಲು ಬಿತ್ತಿ ಕೈತೊಳೆದುಕೊಳ್ಳುತ್ತಾರೆ. ಹಬ್ಬದ ದಿನ ನೋಡಿದರೆ ಹುಲ್ಲು ಹಳದಿಯಾಗಿ ಉದ್ದಕ್ಕೆ ಬೆಳೆದು ಮಲಗಿರುತ್ತದೆ. ಹೋದ ವರ್ಷ ಕುರುಬರು, ಕುರಿಗಳೆಲ್ಲ ಮುಳುಗಿಹೋಗಿ, ಹುಲ್ಲಿನ ಮೇಲೆ ದೇವದೂತನ ತಲೆ ಮಾತ್ರ ಕಾಣುತ್ತಿತ್ತು.

“ಹುಡುಗರು ಬೇಕಾದಾಗ ಬಿತ್ತಲಿ. ನಾನು ಮಲಗಿಸಿ ಇಡ್ತೇನೆ. ಎಬ್ಬಿಸುವ ದಿನ ಎಬ್ಬಿಸ್ತೇನೆ. ಹಬ್ಬಕ್ಕೆ ಸರಿಯಾಗಿ ಕುರಿಯ ಮೊಣಕಾಲಿನವರೆಗೆ ಹುಲ್ಲು.”

ಫಾದರ್ ಕರವಸ್ತ್ರ ಇಳಿಸಿ, “ಕ್ರಿಸ್ಮಸ್ಸಿಗೆ,” ಅಂದು ಹೊರಟುಹೋದರು.

ಎಲ್ಲ ಚಂದವಾಗಿಯೇ ನಡೆಯಿತು. ಹುಡುಗರು ಮಣ್ಣಿನ ತಟ್ಟೆಗಳಲ್ಲಿ ರಾಗಿ ಬಿತ್ತಿ, ಟ್ರಂಕು ಹೊತ್ತು ಊರಿಗೆ ಹೋದರು. ನಮ್ಮ ಕೋಣೆಯಲ್ಲಿ ಜಾಡಿಗಳ ಅಡಿಯಲ್ಲಿ, ಮಜ್ಜಿಗೆ ಹುಲ್ಲಿನ ಆವಿಯಲ್ಲಿ ರಾಗಿ ಮಲಗಿತು. ನಿಗದಿಯ ದಿನ ಸರ್ ಜಾಡಿಗಳನ್ನು ತೆಗೆದು, ತಟ್ಟೆಗಳನ್ನು ಗಾಳಿಗೆ ಇಟ್ಟು, ಚಾಪೆಲಿಗೆ ಸಾಗಿಸಿದರು. ಗೋದಲಿಯ ಸುತ್ತ ಅವುಗಳನ್ನು ಹೂತು ಕೆಂಪು ಮಣ್ಣು ಹರಡಿದೆವು. ಆಮೇಲೆ ಪದ್ಧತಿಯಂತೆ ಮೇಲೆ ದಪ್ಪ ಬಟ್ಟೆಯ ಪರದೆ ಬಿತ್ತು. ಹಬ್ಬದ ಮುನ್ನಾದಿನದವರೆಗೆ ಅದನ್ನು ಯಾರೂ ಎತ್ತುವಂತಿಲ್ಲ ಎಂದು ಫಾದರ್‌ನ ಅಪ್ಪಣೆ. ದಿನವೂ ಪರದೆಯ ಸಂದಿಯಲ್ಲಿ ಕೈ ಹಾಕಿ ನೀರು ಚಿಮುಕಿಸುವ ಕೆಲಸ ಮಾತ್ರ ಬಾಯಿಯದ್ದು. ಚಾಪೆಲಿನ ಅಲಂಕಾರ ಪ್ರತಿ ವರ್ಷವೂ ಅವರದೇ. ಸರ್ ಬೆಳಿಗ್ಗೆ ಸಂಜೆ ಚಾಪೆಲಿನ ಬಾಗಿಲವರೆಗೆ ಹೋಗಿ, ಪರದೆ ನೋಡಿ, ಕೈ ಜೇಬಿಗೆ ಹಾಕಿಕೊಂಡು ವಾಪಸ್ಸು ಬರುತ್ತಿದ್ದರು. ಅಷ್ಟು ಪ್ರಾರ್ಥನೆ ಅವರು ಅದುವರೆಗೆ ಮಾಡಿರಲಿಲ್ಲ ಎಂದು ಬಾಯಿ ಖುಷಿಪಟ್ಟರು.

ಹಬ್ಬದ ಮುನ್ನಾದಿನ ಮಧ್ಯಾಹ್ನ ಫಾದರ್, ಸರ್, ಬಾಯಿ, ನಾನು ಗೋದಲಿಯ ಎದುರು ನಿಂತೆವು. ಫಾದರ್ ಪರದೆ ಎಳೆದರು.

ಕೆಂಪು ಮಣ್ಣು. ಮಣ್ಣಿನ ಮೇಲೆ ಕುರುಬರು, ಕುರಿಗಳು. ಹುಲ್ಲಿನ ಒಂದು ಎಸಳೂ ಇಲ್ಲ.

ಫಾದರ್ ಸರ್ ಕಡೆ ತಿರುಗಿದರು. “ಪ್ರೊಫೆಸರ್, ಬೆತ್ಲೆಹೇಮಿನಲ್ಲಿ ಬರಗಾಲ ಇತ್ತು ಅಂತ ನಾನು ಎಲ್ಲಿಯೂ ಓದಿಲ್ಲ.”

ಸರ್ ಮೂಗಿಗೆ ಏನೂ ತಾಗಿರಲಿಲ್ಲ. ನನಗೆ ಮಾತ್ರ ಪರದೆ ಸರಿದ ಕೂಡಲೇ ನಿಂಬೆಯ ವಾಸನೆ ಗಪ್ಪೆಂದು ಮುಖಕ್ಕೆ ಹೊಡೆದಿತ್ತು. ಮೊಣಕಾಲೂರಿ ಗೋದಲಿಯ ಹುಲ್ಲುಮಾಡಿನ ಅಡಿಗೆ ಕೈ ಹಾಕಿದೆ. ಒಂದು ಹತ್ತಿಯ ಉಂಡೆ ಬಂತು. ಇನ್ನೊಂದು ಬಂತು. ತಟ್ಟೆಗಳ ಸುತ್ತ, ಕುರಿಗಳ ಹಿಂದೆ, ದೇವದೂತನ ಕಾಲಬುಡದಲ್ಲಿ, ಎಲ್ಲೆಲ್ಲೂ ಎಣ್ಣೆಯಲ್ಲಿ ಅದ್ದಿದ ಹತ್ತಿ.

“ಅದು ಇರುವೆಗೆ ಇಟ್ಟದ್ದು,” ಅಂದರು ಬಾಯಿ. “ಇರುವೆ ರಾಗಿ ಕದೀತದೆ ಪುತಾ. ಬಾಬಾನ ಕೋಣೆಯ ಪ್ರಶ್ನೆ ಅಲ್ವಾ. ದಿನಾ ಹೊಸ ಎಣ್ಣೆ ಹಾಕಿದ್ದೇನೆ, ಒಂದು ದಿನ ತಪ್ಪಿಸ್ಲಿಲ್ಲ.”

“ಹುಲ್ಲು ಬರದದ್ದು ಕಾಣ್ಲಿಲ್ವಾ ಬಾಯಿ?” ನಾನು ಕೇಳಿದೆ.

“ಕಂಡಿತು. ಬಾಬಾನ ಬೀಜ, ಹೇಳಿದ ದಿನವೇ ಏಳ್ತದೆ ಅಂತ ಸುಮ್ಮನಿದ್ದೆ.” ಹೇಳುತ್ತಾ ಹೇಳುತ್ತಾ ಅವರಿಗೇ ಅರ್ಥವಾಯಿತು. ಸೆರಗು ತುಟಿಗೆ ಹೋಯಿತು. “ಸಾಯ್ಬಾ ಭೊಗೊಸ್,” ಎಂದು ದೇವರಲ್ಲಿ ಕ್ಷಮೆ ಕೇಳಿದರು.

ಜಾಡಿ ಮುಚ್ಚಿ ಎಣ್ಣೆ ಇಡುವ ನಮ್ಮ ಪ್ರಯೋಗವನ್ನೇ ಬಾಯಿ ಪರದೆ ಮುಚ್ಚಿ ಇನ್ನೂ ದೊಡ್ಡದಾಗಿ ಮಾಡಿದ್ದರು. ಸರ್ ಚಿಮಟದಿಂದ ಒಂದು ರಾಗಿಕಾಳನ್ನು ಎತ್ತಿ ಅಂಗೈಯಲ್ಲಿಟ್ಟು ಲೆನ್ಸಿನಲ್ಲಿ ನೋಡುತ್ತಿದ್ದರು. ಬೈಯುತ್ತಾರೆ ಎಂದುಕೊಂಡೆ. ಅವರು, “ಎಷ್ಟು ಚಂದ ಮಲಗಿದೆ ನೋಡು ಬಾಯಿ,” ಎಂದು ಅಕ್ಕನಿಗೇ ಲೆನ್ಸು ಕೊಟ್ಟರು.

ಫಾದರ್ ಗಂಟಲು ಸರಿಪಡಿಸಿಕೊಂಡು, “ಮಾತು ಕ್ರಿಸ್ಮಸ್ಸಿಗೆ ಅಂತ ಆಗಿತ್ತು,” ಅಂದರು.

ಆಗ ಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. “ಕ್ರಿಸ್ಮಸ್ ಎಲ್ಲಿ ಮುಗೀತು ಫಾದರ್? ಮೂರು ರಾಜರು ಬಂದ್ರಾ? ಎಲ್ಲಿದ್ದಾರೆ ತೋರಿಸಿ.”

ಬಾಲಯೇಸುವನ್ನು ನೋಡಲು ದೂರದೇಶದಿಂದ ಬರುವ ಆ ರಾಜರ ಗೊಂಬೆಗಳು ಇನ್ನೂ ದೂರದಲ್ಲಿ, ಹಾರ್ಮೋನಿಯಮ್ಮಿನ ಮೇಲಿದ್ದವು. ಮೂವರನ್ನೂ ಅವರ ಒಂಟೆಗಳನ್ನೂ ಮೊದಲು ದೂರದಲ್ಲಿಟ್ಟು ದಿನಕ್ಕಿಷ್ಟು ಮುಂದೆ ಸರಿಸುತ್ತಾ, ಜನವರಿಯ ರಾಜರ ಹಬ್ಬಕ್ಕೆ ಗೋದಲಿ ತಲುಪಿಸುವುದು ಆ ಚಾಪೆಲಿನ ರೂಢಿ. ಅಲ್ಲಿಯವರೆಗೆ ಗೋದಲಿ ಬಿಚ್ಚುವುದಿಲ್ಲ. ಫಾದರ್ ಹಾರ್ಮೋನಿಯಮ್ಮಿನ ಕಡೆ ನೋಡಿದರು, ಬಾಯಿಯ ಕಡೆ ನೋಡಿದರು. “ರಾಜರು ಬರುವವರೆಗೆ,” ಅಂದರು.

ಹತ್ತಿಯನ್ನೆಲ್ಲ ಹೆಕ್ಕಿ ತೆಗೆದು, ತಟ್ಟೆಗಳಿಗೆ ಧಾರಾಳ ನೀರು ಹೊಯ್ದು ಬಸಿದು, ಚಾಪೆಲಿನ ಕಿಟಕಿಗಳನ್ನೆಲ್ಲ ತೆರೆದೆವು. ಹಬ್ಬದ ಪೂಜೆಗೆ ಬಂದವರು ಬರಡು ಗೋದಲಿ ನೋಡಿ ಪಿಸುಗುಟ್ಟಿದರು. ಸರ್ ಮರುದಿನದಿಂದ ಮುಂದಿನ ಬೆಂಚಿನಲ್ಲೇ ಠಿಕಾಣಿ. ಹೊರಗೆ ನಗುನಗುತ್ತಾ ಇದ್ದವರು ನನ್ನ ಹತ್ತಿರ ಮಾತ್ರ ಮೆಲ್ಲಗೆ ಹೇಳಿದರು, “ಇಷ್ಟು ದಿನ ನಾನು ಯಾವತ್ತೂ ಮಲಗಿಸಿದ್ದಿಲ್ಲ ಮಾರಾಯ್ರೆ. ಏಳದಿದ್ರೆ? ಕೋಣೆ ಹೋಗ್ಲಿ ಬಿಡಿ. ಮಲಗಿದೆ ಅಂತ ಅಕ್ಕನಿಗೆ ಹೇಳಿಬಿಟ್ಟೆ. ಸತ್ತಿದ್ರೆ ಅವಳ ಮುಖ ಹೇಗೆ ನೋಡುದು?” ನನಗೆ ಅವರ ಮೇಲೆ ಹುಟ್ಟಿದ ಪ್ರೀತಿ ಆ ಬೆಂಚಿನ ಮೇಲೆಯೇ ಹುಟ್ಟಿದ್ದು. ಅದು ಇನ್ನೂ ಹಾಗೆಯೇ ಇದೆ.

ಒಂದು ಬೆಳಿಗ್ಗೆ ಮಣ್ಣಿನಲ್ಲಿ ಏನೋ ಚೂರು ಹಸಿರು ಎಂದು ನನಗೆ ಅನಿಸಿತು. ಸರ್ ಲೆನ್ಸು ಹಿಡಿದು ನೆಲಕ್ಕೆ ಅಡ್ಡ ಬಿದ್ದರು. ಎದ್ದರು. ಚಾಪೆಲಿನಲ್ಲಿ ಕುಣಿಯುವ ಹಾಗಿಲ್ಲ. ಮೊಣಕಾಲೂರಿ, ಶಿಲುಬೆಯ ಗುರುತು ಮಾಡಿ, ದಾಪುಗಾಲು ಹಾಕುತ್ತಾ ಅಂಗಳಕ್ಕೆ ಹೋದರು. ಅಲ್ಲಿ ಕೈಯನ್ನು ಜೇಬಿನಿಂದ ಹೊರಗೆ ತೆಗೆದು, ಎರಡೂ ತೋಳು ಬೀಸಿ, ಆ ಎತ್ತರದ ಆಳು ಒಬ್ಬರೇ ಬೈಲಾ ಕುಣಿದರು. ನಾನು ಚಪ್ಪಾಳೆ ತಟ್ಟಿದೆ. ಬಾಯಿ ಗಾಬರಿಯಿಂದ ಹೊರಗೆ ಓಡಿ ಬಂದು, ವಿಷಯ ತಿಳಿದು, ಅವರೂ ಎರಡು ಹೆಜ್ಜೆ ಹಾಕಿದರು. ಮೇಲಿನ ವೆರಾಂಡದಲ್ಲಿ ಫಾದರ್ ಜಪದ ಪುಸ್ತಕ ಹಿಡಿದು ನಿಂತಿದ್ದರು. ಹಾಳೆ ತಿರುಗಿಸಿದ್ದನ್ನು ನಾನು ನೋಡಲಿಲ್ಲ.

ರಾಜರ ಹಬ್ಬದ ದಿನ ಗೋದಲಿಯ ಸುತ್ತ ಹುಲ್ಲೇ ಹುಲ್ಲು. ಒತ್ತಾಗಿ, ಗಿಡ್ಡವಾಗಿ, ಎಲ್ಲ ಒಂದೇ ಸಮ, ಕತ್ತರಿಸಿಟ್ಟ ಹಾಗೆ. ಒಂಟೆಗಳು ಅದರ ನಡುವೆ ನಿಂತರೆ ಎಲ್ಲಿಂದಲೋ ಬಹಳ ದೂರದಿಂದ ಬಂದು ಒಳ್ಳೆಯ ಜಾಗಕ್ಕೇ ಮುಟ್ಟಿದ ಹಾಗಿತ್ತು. ಫಾದರ್ ಬಗ್ಗಿ ಒಂದು ಕುರಿಯ ಪಕ್ಕದಲ್ಲಿ ಬೆರಳಿಟ್ಟು ನೋಡಿದರು. “ಮೊಣಕಾಲಿನವರೆಗೆ ಅಂದಿದ್ರಿ. ಸ್ವಲ್ಪ ಮೇಲೆ ಉಂಟು,” ಅಂದರು. ಟೈಪ್‌ರೈಟರುಗಳು ಬಂದಾಗ ಆಫೀಸಿನ ವೆರಾಂಡಕ್ಕೆ ತಟ್ಟಿ ಕಟ್ಟಿ ಅವುಗಳನ್ನು ಕೂರಿಸಿದರು. ಸರ್ ನಿವೃತ್ತರಾಗುವವರೆಗೂ ಆ ಕೋಣೆಯ ಮಾತನ್ನು ಯಾರೂ ಎತ್ತಲಿಲ್ಲ. ಪ್ರತಿ ವರ್ಷ ಗೋದಲಿಯ ಹುಲ್ಲು ಅವರದೇ, ಇರುವೆಗೆ ಮಾತ್ರ ಬಾಯಿ ಅರಸಿನ ಹಾಕುತ್ತಿದ್ದರು.

ಅರವತ್ತರ ದಶಕದ ಒಂದು ಬೇಸಗೆಯಲ್ಲಿ ಸರ್ ಹೋದರು. ಮಧ್ಯಾಹ್ನ ಮೀನುಸಾರು ಊಟ ಮಾಡಿ ಮಲಗಿದವರು ಏಳಲಿಲ್ಲ. ಹೂಳುವಾಗ ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಅವರ ವಾಸನೆಯಿಲ್ಲದ ಬಸ್ಸಿನಲ್ಲಿ ಅತ್ತಾವರಕ್ಕೆ ವಾಪಸ್ಸು ಬರುವಾಗ ನನಗೆ ಅಳು ತಡೆಯಲಿಲ್ಲ.

ಮಳೆ ಹಿಡಿದ ಮೇಲೆ ಬಾಯಿ ಕರಿ ಕೊಡೆ ಹಿಡಿದು ಕಾಲೇಜಿಗೆ ಬಂದರು. “ಒಂದು ಸಲ ಸಿಮಿತ್ರಿಗೆ ಬಾ ಪುತಾ,” ಅಂದರು. ಸಿಮಿತ್ರಿ ಎಂದರೆ ಅವರ ಇಗರ್ಜಿಯ ಸಮಾಧಿಭೂಮಿ. ಹೋಗಿ ನೋಡಿದರೆ ಎಲ್ಲ ಗೋರಿಗಳ ಮೇಲೂ ಹುಲ್ಲು ಮೊಣಕಾಲೆತ್ತರ ಬೆಳೆದು ನಿಂತಿದೆ. ಸರ್‌ನ ಮಣ್ಣಿನ ದಿಬ್ಬ ಮಾತ್ರ ಬೋಳು.

“ಬೀದಿಯಲ್ಲಿ ಮಾತಾಡ್ತಾರೆ ಪುತಾ, ಇವನ ಮೇಲೆ ಹುಲ್ಲೂ ಹುಟ್ಟುದಿಲ್ಲ ಅಂತ. ಆದಿತ್ಯವಾರ ಪೂಜೆ ತಪ್ಪಿಸಿ ಹಂಡೆಯ ಹತ್ತಿರ ಕೂರ್ತಿದ್ದ. ಅದಕ್ಕೆ ದೇವರು ಹೀಗೆ ಮಾಡಿದ್ದಾ?”

“ಬಾಯಿ, ಇದಕ್ಕೆ ಎಂತಾದ್ರೂ ಹಾಕಿದ್ರಾ?”

“ಎಂತ ಹಾಕುದು? ಅವನ ಬಾಟ್ಲಿಗಳು. ಮನೆ ತುಂಬ ಇದ್ದವು, ಯಾರಿಗೆ ಕೊಡ್ಲಿ? ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ಅವನದ್ದು ಅವನಿಗೇ ಅಂತ ಎಲ್ಲ ಇಲ್ಲಿ ಹೊಯ್ದೆ.”

ನಾನು ನಕ್ಕುಬಿಟ್ಟೆ. ಸಮಾಧಿಭೂಮಿಯಲ್ಲಿ, ಮಳೆಯಲ್ಲಿ, ಬಿಕ್ಕಿ ಬಿಕ್ಕಿ ನಕ್ಕೆ. ಬಾಯಿಗೆ ಮೊದಲು ಸಿಟ್ಟು ಬಂತು. ಆಮೇಲೆ ಅವರ ಮುಖ ಮೆಲ್ಲನೆ ಬದಲಾಯಿತು. “ಆ ಗೋದಲಿಯ ಹತ್ತಿಯಾ?” ಅಂದರು. “ಹತ್ತಿಯೇ,” ಅಂದೆ. ಅವರೂ ಸೆರಗು ತುಟಿಗೆ ಒತ್ತಿಕೊಂಡು ನಗತೊಡಗಿದರು. ಅತ್ತ ಗುಂಡಿ ತೋಡುತ್ತಿದ್ದವನು ಪಿಕ್ಕಾಸು ಕೆಳಗಿಟ್ಟು ನಮ್ಮನ್ನೇ ನೋಡುತ್ತಾ ನಿಂತ.

ನಗು ನಿಂತ ಮೇಲೆ ಬಾಯಿ ದಿಬ್ಬವನ್ನೇ ನೋಡುತ್ತಾ ಕೇಳಿದರು, “ಇದರೊಳಗಿನ ಬೀಜ ಎಲ್ಲ ಸತ್ತದ್ದಾ ಪುತಾ, ಮಲಗಿದ್ದಾ?”

ಅಷ್ಟು ಎಣ್ಣೆಗೆ ಯಾವ ಬೀಜ ಉಳಿದೀತು, ನನಗೆ ಗೊತ್ತಿರಲಿಲ್ಲ. “ಮಲಗಿದ್ದು ಬಾಯಿ,” ಅಂದೆ. ಆ ಇಡೀ ಮಳೆಗಾಲ, ಮಳೆ ಜೋರಾದಾಗಲೆಲ್ಲ, ಇನ್ನಷ್ಟು ಹೊಯ್ಯಲಿ, ತೊಳೆದು ಹೋಗಲಿ ಎಂದು ಕಿಟಕಿಯಲ್ಲಿ ನಿಂತು ಬೇಡಿಕೊಂಡೆ. ದೇವಸ್ಥಾನಕ್ಕೂ ಹರಕೆ ಹೊತ್ತೆ. ಕಾರಣ ಕೇಳಿದ ಭಟ್ಟರಿಗೆ ಹುಲ್ಲು ಹುಟ್ಟಬೇಕು ಎಂದದ್ದಕ್ಕೆ ಅವರು ನನ್ನ ಹಣೆ ಮುಟ್ಟಿ ನೋಡಿದರು.

ನವೆಂಬರದಲ್ಲಿ ಸತ್ತವರ ಸ್ಮರಣೆಯ ದಿನ. ಆ ದಿನಕ್ಕೆ ಮೊದಲು ಮನೆಮನೆಯವರು ಬಂದು ತಮ್ಮ ತಮ್ಮವರ ಗೋರಿಯ ಹುಲ್ಲನ್ನೆಲ್ಲ ಬುಡಸಮೇತ ಕಿತ್ತು, ಮಣ್ಣು ಸಮ ಮಾಡಿ, ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತಾರೆ. ನಾನು ಸಂಪಿಗೆ ಹೂವು ಹಿಡಿದು ಹೋದೆ. ಸಿಮಿತ್ರಿ ತುಂಬ ಜನ, ಎಲ್ಲ ಗೋರಿಗಳೂ ನುಣ್ಣಗೆ, ಬೋಳು. ನಡುವೆ ಒಂದೇ ಒಂದು ದಿಬ್ಬದ ಮೇಲೆ ಹಸಿರು. ಒತ್ತಾಗಿ, ಗಿಡ್ಡವಾಗಿ, ಒಂದೇ ಸಮ, ಗೋದಲಿಯ ಕುರಿಯ ಮೊಣಕಾಲಿನಿಂದ ಸ್ವಲ್ಪ ಮೇಲೆ.

ಅದರ ಪಕ್ಕದಲ್ಲಿ ಬಾಯಿ ಸ್ಟೂಲು ಹಾಕಿ ಕೂತಿದ್ದರು. ಸರ್ ಹಂಡೆಯ ಬಳಿ ಕೂರುತ್ತಿದ್ದ ಅದೇ ಸ್ಟೂಲು. ಪಕ್ಕದ ಗೋರಿ ಚೊಕ್ಕ ಮಾಡಿ ಮುಗಿಸಿದ ಹೆಂಗಸೊಬ್ಬಳು, ವಯಸ್ಸಾದವರಿಗೆ ಬಗ್ಗಲು ಕಷ್ಟ ಎಂದು, “ಬಿಡಿ ಬಾಯಿ, ನಾನೇ ಕಿತ್ತು ಕೊಡ್ತೇನೆ,” ಎಂದು ಕೈ ಚಾಚಿದಳು. ಬಾಯಿ ಆ ಕೈಯನ್ನು ಮೆಲ್ಲಗೆ ಹಿಡಿದು ನಿಲ್ಲಿಸಿದರು.

“ಮುಟ್ಟಬೇಡ ಮಗಾ,” ಅಂದರು. “ಈಗಷ್ಟೇ ಎದ್ದದ್ದು.”